ಗುರಿಮೊಳೆ ಇಲ್ಲದ ಕೋವಿ

ತಿರುಮಲನಿಗೆ ಸಿಟ್ಟು ಬಂದಿತ್ತು. ಇದರಲ್ಲಿ ಸುದ್ದಿಯೇನೂ ಇಲ್ಲ. ವಡಪಳನಿಯಲ್ಲಿ ಮುರುಗನ ಗುಡಿಯ ಗಂಟೆ ಬಾರಿಸುವುದು ಎಷ್ಟು ಸಹಜವೋ ತಿರುಮಲನಿಗೆ ಸಿಟ್ಟು ಬರುವುದೂ ಅಷ್ಟೇ ಸಹಜ. ವ್ಯತ್ಯಾಸ ಇಷ್ಟೇ, ಗಂಟೆ ಹೊರಗೆ ಕೇಳಿಸುತ್ತದೆ. ನುಂಗಂಬಾಕ್ಕಂನ ವಿಮಾ ಕಚೇರಿಯಲ್ಲಿ ಮೇಲಧಿಕಾರಿಯ ಮೇಲೆ ಬಂದ ಸಿಟ್ಟನ್ನು ಅವನು ಖಾಲಿ ಟಿಫನ್ ಡಬ್ಬಿಯಲ್ಲಿ ತುಂಬಿಕೊಂಡು ಮನೆಗೆ ತರುತ್ತಿದ್ದ. ಆಟೋದವನ ಮೇಲೆ ಬಂದ ಸಿಟ್ಟನ್ನು, ಆಟೋ ತಿರುವು ದಾಟಿ ಮರೆಯಾದ ಮೇಲೆ, ಬೀದಿಯ ಎಮ್ಮೆಯ ಎದುರು ಆಡುತ್ತಿದ್ದ. ಹೀಗೆ ಐವತ್ತು ವರ್ಷ ಒಳಗೇ ಉಳಿದ ಸಿಟ್ಟಿಗೆ ಡಾಕ್ಟರು ಗ್ಯಾಸು ಎಂದು ಹೆಸರಿಟ್ಟು ಗುಳಿಗೆ ಬರೆದುಕೊಟ್ಟಿದ್ದರು.

ಈ ಸಲದ ಸಿಟ್ಟಿಗೆ ಕಾರಣ ಒಂದು ಬಿದಿರ ಗಳ. ಅವನ ಅಪಾರ್ಟ್‌ಮೆಂಟಿನ ಟೆರೇಸಿನಲ್ಲಿ, ನೀರಿನ ತೊಟ್ಟಿಯ ಪಕ್ಕದ ಪೂರ್ವದ ಮೂಲೆಯಲ್ಲಿ, ಎರಡು ಹಗ್ಗದಿಂದ ಎತ್ತರಕ್ಕೆ ತೂಗುಹಾಕಿದ ಒಂದು ಗಳ. ಅದರ ಮೇಲೆ ತಿರುಮಲನ ತಾಯಿ ಗೋದಾಬಾಯಿಯ ಮಡಿಸೀರೆ ಒಣಗುತ್ತಿತ್ತು. ಮಡಿಸೀರೆ ಎಂದರೆ ಯಾರೂ ಮುಟ್ಟಬಾರದು. ಮನುಷ್ಯರು ಮುಟ್ಟಬಾರದು, ಕಾಗೆ ಮುಟ್ಟಬಾರದು, ಬೇರೆಯವರ ಒದ್ದೆ ಬನಿಯನ್ ಗಾಳಿಗೆ ಹಾರಿ ಬಂದು ಮುಟ್ಟಬಾರದು. ಮುಟ್ಟಿದರೆ ಮತ್ತೆ ಒಗೆಯಬೇಕು, ಮತ್ತೆ ಹಾಕಬೇಕು, ಅಲ್ಲಿಯವರೆಗೆ ಆ ಮನೆಯ ಒಲೆ ಹೊತ್ತುವುದಿಲ್ಲ. ಎಪ್ಪತ್ತೆಂಟರ ಗೋದಾಬಾಯಿ ಮಗನ ಮನೆಯಲ್ಲಿ ಬೇರೇನನ್ನೂ ತನ್ನದು ಎಂದು ಕೇಳಿದವಳಲ್ಲ. ಆ ಮೂಲೆ ಒಂದು ಮಾತ್ರ ಅವಳದಾಗಿತ್ತು.

ಅಸೋಸಿಯೇಷನ್ನಿನ ಕಾರ್ಯದರ್ಶಿ ಕುಮಾರಸ್ವಾಮಿಗೆ ಅದೇ ಮೂಲೆ ಬೇಕಾಯಿತು. ಈತ ಗದಗಿನ ಕಡೆಯಿಂದ ಬಂದು ಆರ್ಕಾಟ್ ರೋಡಿನಲ್ಲಿ ಪೈಪು, ನಲ್ಲಿ, ಮೊಳೆಗಳ ದೊಡ್ಡ ಅಂಗಡಿ ಇಟ್ಟವನು. ಜಗತ್ತಿನ ಎಲ್ಲ ಸಮಸ್ಯೆಗೂ ಒಂದು ಅಳತೆಯ ಬೋಲ್ಟು ಇದ್ದೇ ಇರುತ್ತದೆ ಎಂದು ನಂಬಿದ್ದವನು. ಟೆರೇಸಿಗೆ ಸೋಲಾರ್ ಹಲಗೆ ಹಾಕಿಸುವುದೆಂದೂ, ಅದಕ್ಕೆ ಪೂರ್ವದ ಬಿಸಿಲೇ ಬೇಕೆಂದೂ, ಗಳ ತೆಗೆಯಬೇಕೆಂದೂ ಲಿಫ್ಟಿನೊಳಗೆ ನೋಟೀಸು ಅಂಟಿಸಿದ. ಲಿಫ್ಟಿನಲ್ಲಿ ಆ ನೋಟೀಸಿನ ಜೊತೆ ದಿನವೂ ಒಬ್ಬನೇ ಇಳಿದು ಹತ್ತಬೇಕಾದ ತಿರುಮಲನ ಅವಸ್ಥೆಯನ್ನು ಓದುಗರೇ ಊಹಿಸಿಕೊಳ್ಳಬೇಕು. ಅವನು ಅದನ್ನು ಹರಿದು ಹಾಕಲಿಲ್ಲ. ಒಂದು ಸಂಜೆ, ಯಾರೂ ಇಲ್ಲದಾಗ, ಅದರ ಒಂದು ಮೂಲೆಯನ್ನು ಉಗುರಿನಿಂದ ಸ್ವಲ್ಪ ಎಬ್ಬಿಸಿದ, ಅಷ್ಟೆ.

ಭಾನುವಾರ ಕೆಳಗಡೆ ಕಾರು ನಿಲ್ಲಿಸುವ ಜಾಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಕರೆದರು. ಗಳದ ವಿಷಯ ಬಂದಾಗ ತಿರುಮಲ ಎದ್ದು ನಿಂತ. ತಾಯಿಯ ವಯಸ್ಸು, ಮನೆತನದ ಆಚಾರ, ನೆರೆಹೊರೆಯ ಸೌಜನ್ಯ ಎಂದು ಹೆಂಡತಿ ಶ್ರೀಪ್ರಿಯಾ ಬೆಳಗಿನಿಂದ ಕೂಡಿಸಿ ಅಭ್ಯಾಸ ಮಾಡಿಸಿದ್ದ ಮಾತುಗಳೆಲ್ಲ ಗಂಟಲಲ್ಲಿ ಸಾಲುಗಟ್ಟಿ ನಿಂತಿದ್ದವು. ಬಾಯಿ ತೆರೆದಾಗ ಬಂದದ್ದು ಬೇರೆ.

"ನಮ್ಮದೊಂದು ರೈಫಲ್ ಇದೆ," ಎಂದ.

ಸಭೆ ಸ್ತಬ್ಧವಾಯಿತು. ತಿರುಮಲ ತನ್ನ ಜೀವನದಲ್ಲಿ ಉಂಟುಮಾಡಿದ ಮೊದಲ ಮೌನ ಅದು. ಬಹಳ ರುಚಿಯಾಗಿತ್ತು. ಇನ್ನೊಂದು ತುತ್ತು ಬೇಕೆನಿಸಿ ಮುಂದುವರಿಸಿದ. ತನ್ನ ತಾತ ಗುರುಚರಣರಾಯರು ಮದರಾಸಿನಲ್ಲಿ ದೊಡ್ಡ ವಕೀಲರಾಗಿದ್ದರೆಂದೂ, ಸತ್ಯಮಂಗಲದ ಕಾಡಿನಲ್ಲಿ ಆ ಕೋವಿಯಿಂದ ಹುಲಿ ಹೊಡೆದಿದ್ದರೆಂದೂ ಹೇಳಿದ. ಹುಲಿಯ ಮಾತನ್ನು ಮನೆಯಲ್ಲಿ ಯಾರೂ ಹೇಳಿದ್ದಿಲ್ಲ. ಆದರೆ ಕೋವಿ ಇದ್ದ ಮೇಲೆ ಹುಲಿ ಇರಲೇಬೇಕು ಎಂದು ತಿರುಮಲ ಚಿಕ್ಕಂದಿನಲ್ಲೇ ತೀರ್ಮಾನಿಸಿಕೊಂಡಿದ್ದ.

ಕುಮಾರಸ್ವಾಮಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ರಾಯರ, ಉಳ್ಳಾಗಡ್ಡಿ ಸಹಿತ ಒಳಗ ಬಿಡದ ಮನಿ ನಿಮ್ದು. ಹುಲಿ ಹೆಂಗ ಹೊಡದ್ರಿ ನಿಮ್ಮಜ್ಜಾರು, ಮಂತ್ರಾಕ್ಷತಿ ಒಗದು?"

ಕನ್ನಡ ಬಂದವರು ನಕ್ಕರು. ಅವರು ತಮಿಳಿಗೆ ತರ್ಜುಮೆ ಮಾಡಿದ ಮೇಲೆ ಉಳಿದವರು ನಕ್ಕರು. ಎರಡು ಕಂತಿನ ಅವಮಾನ. ತಿರುಮಲನ ಕಿವಿ ಬಿಸಿಯಾದವು. ಕೋವಿ ಇವತ್ತಿಗೂ ಗುಂಡು ಹಾರಿಸುವ ಸ್ಥಿತಿಯಲ್ಲಿದೆ, ಬೇಕಾದರೆ ಪರೀಕ್ಷೆ ಮಾಡಿಸಿ ತೋರಿಸುತ್ತೇನೆ ಎಂದುಬಿಟ್ಟ.

"ತೋರಸ್ರಿ," ಎಂದ ಕುಮಾರಸ್ವಾಮಿ. "ಇದು ಕೆಲಸ ಮಾಡೋ ಕೋವಿ ಅಂತ ಕೋವಿ ಅಂಗಡಿಯವನ ಬಾಯಿಲೆ ಅನಿಸ್ರಿ. ಆ ಮೂಲಿ ನಿಮ್ಮವ್ವಗ, ಸಾಯೋತನಕ. ಇಲ್ಲಾಂದ್ರ ಮುಂದಿನ ಸೋಮವಾರ ಮುಂಜಾನೆ ಆ ಗಳ ನಾನ ಕೊಯ್ತೀನಿ."

ಸಭೆ ಚಪ್ಪಾಳೆ ತಟ್ಟಿ ಇದನ್ನು ಅಂಗೀಕರಿಸಿತು. ಒಳಚರಂಡಿಯ ವಿಷಯ ಮುಂದಿನ ತಿಂಗಳಿಗೆ ಹೋಯಿತು.

ಮನೆಯಲ್ಲಿ ಶ್ರೀಪ್ರಿಯಾ ಹಣೆ ಚಚ್ಚಿಕೊಂಡಳು. ಅವಳ ತಮ್ಮ ಸುಜಯೀಂದ್ರ ಮಾತ್ರ ಕುಣಿದಾಡಿದ. ಇವನು ಹತ್ತಿರದಲ್ಲೇ ಇದ್ದು ದಿನವೂ ಅಕ್ಕನ ಮನೆಯಲ್ಲಿ ಊಟ ಮಾಡುತ್ತಿದ್ದ. ಮೊಬೈಲಿನಲ್ಲಿ ಕೋವಿಗಳ ವಿಡಿಯೊ ನೋಡಿ ನೋಡಿ, ಪಟಾಕಿಯನ್ನೂ ಹಚ್ಚದ ಕೈಯಲ್ಲಿ ಶಸ್ತ್ರಪಂಡಿತನಾಗಿದ್ದ. ಹಳೆಯ ಮರದ ಹಿಡಿ ಕಿತ್ತು ಕಪ್ಪು ಫೈಬರಿನದು ಹಾಕಿಸಬೇಕು, ಮೇಲೆ ದುರ್ಬೀನು ಕೂರಿಸಬೇಕು, ಆಮೇಲೆ ಆ ಪೈಪು ಮಾರುವವನು ಹೇಗೆ ಲಿಫ್ಟಿನಲ್ಲಿ ಕಣ್ಣೆತ್ತಿ ನೋಡುತ್ತಾನೋ ನೋಡೋಣ ಭಾವ, ಎಂದ.

ಗೋದಾಬಾಯಿ ಕೇಳಿದ್ದು ಒಂದೇ. "ಅದು ಮನೆಗೆ ಬರುತ್ತೋ ಇಲ್ಲವೋ, ಅದನ್ನ ಹೇಳು."

ಹಿಂದಿನ ವರ್ಷ ತಿರುಮಲನ ತಂದೆ ತೀರಿಕೊಂಡಾಗ ಕೋವಿಯನ್ನು ಲೈಸೆನ್ಸಿರುವ ಕೋವಿ ಅಂಗಡಿಯಲ್ಲಿ ಒಪ್ಪಿಸಬೇಕಾಗಿ ಬಂದಿತ್ತು. ಅಂದಿನಿಂದ ಅವಳು ದಿನಾ ಇದನ್ನೇ ಕೇಳುತ್ತಿದ್ದಳು. ತಂದೆ ಇದ್ದಾಗಲೂ ಹಾಗೆಯೇ. ಚುನಾವಣೆ ಬಂದರೆ ಕೋವಿಗಳನ್ನು ಪೊಲೀಸರಿಗೆ ಒಪ್ಪಿಸಬೇಕಲ್ಲ, ಆಗೆಲ್ಲ ಗೋದಾಬಾಯಿ ಮುಖ ಗಂಟು ಹಾಕಿಕೊಂಡು, ಈ ದೇಶದಲ್ಲಿ ಯಾಕಿಷ್ಟು ಸಲ ಓಟು ಹಾಕಿಸುತ್ತಾರೆ ಎಂದು ಸರ್ಕಾರಕ್ಕೆ ಶಾಪ ಹಾಕುತ್ತಿದ್ದಳು. ಗಂಡನ ಮನೆತನದ ವಸ್ತುವಿನ ಮೇಲೆ ಇಷ್ಟು ಮಮತೆ ಎಂದು ತಿರುಮಲನಿಗೆ ಕಣ್ಣು ತುಂಬುತ್ತಿತ್ತು. ತಂದೆಯೂ ಅಷ್ಟೆ. ಗುಮಾಸ್ತರಾಗಿದ್ದ ಆ ಮೆತ್ತನೆಯ ಮನುಷ್ಯ, ಬೇರೆ ಯಾವ ಸಾಲಿನಲ್ಲೂ ನಿಲ್ಲದವರು, ಲೈಸೆನ್ಸು ನವೀಕರಿಸುವ ಸಾಲಿನಲ್ಲಿ ಮಾತ್ರ ಜೀವನವಿಡೀ ತಪ್ಪದೆ ನಿಂತಿದ್ದರು. ಎಂಥ ಕ್ಷಾತ್ರ ಇರಬೇಕು ಒಳಗೆ, ಎಂದುಕೊಳ್ಳುತ್ತಿದ್ದ ಮಗ.

ತಿರುಮಲನ ಹೆಸರಿಗೆ ಲೈಸೆನ್ಸು ಆಗಿದೆ, ಬಂದು ತೆಗೆದುಕೊಂಡು ಹೋಗಿ ಎಂದು ಆ ವಾರವೇ ಠಾಣೆಯಿಂದ ಕರೆ ಬಂತು. ಇನ್‌ಸ್ಪೆಕ್ಟರ್ ವಿಘ್ನೇಶ್ ಒಳ್ಳೆಯ ಮನುಷ್ಯ, ಅದೇ ತೊಂದರೆ. ತಿರುಮಲನನ್ನು ಮೇಲಿಂದ ಕೆಳಗೆ ನೋಡಿ, ಹಣೆಯ ಅಂಗಾರ ಅಕ್ಷತೆ ನೋಡಿ, ಕೈಯ ಟಿಫನ್ ಡಬ್ಬಿ ನೋಡಿ, ಸುತ್ತ ಸಿನಿಮಾ ಸ್ಟುಡಿಯೊಗಳೇ ಇರುವ ಜಾಗವಲ್ಲವೇ, ಸಾರ್ ಯಾವ ಪಿಕ್ಚರಿಗೆ ಎಂದು ಪ್ರೀತಿಯಿಂದ ವಿಚಾರಿಸಿದ. ಪಿಕ್ಚರಿಗಲ್ಲ, ನಿಜವಾದ ಕೋವಿ ಎಂದ ಮೇಲೆ, ಹಾಗಾದರೆ ಯಾತಕ್ಕೆ ಎಂದ. ಹೊಲ ಉಂಟಾ, ಹಂದಿ ಕಾಟವಾ? ವೈರಿಗಳು ಉಂಟಾ? ಅಸೋಸಿಯೇಷನ್ ಕಾರ್ಯದರ್ಶಿಯ ಹೆಸರು ತಿರುಮಲನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಪರಂಪರೆ ಎಂದ. "ಸರಿ, ಪರಂಪರೈಯೆ ಪತ್ತಿರಮಾ ವೆಚ್ಚುಕೋಂಗ," ಎಂದ ಇನ್‌ಸ್ಪೆಕ್ಟರ್, ಪರಂಪರೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ ಎಂದು. ಹಳೆಯದು, ಮೊದಲು ಅಂಗಡಿಯವನಿಂದ ಪರೀಕ್ಷೆ ಮಾಡಿಸಿ, ಮುಖದ ಮೇಲೆ ಸಿಡಿದೀತು ಎಂದು ಎಚ್ಚರಿಸಿ, ಕಾಫಿ ಕುಡಿಸಿ ಕಳುಹಿಸಿದ. ಕೋವಿಯ ಲೈಸೆನ್ಸು ಪಡೆಯಲು ಬಂದವನಿಗೆ ಪೊಲೀಸರು ಕಾಫಿ ಕುಡಿಸುವುದಕ್ಕಿಂತ ದೊಡ್ಡ ತಿರಸ್ಕಾರ ಇದೆಯೇ? ಅವನು ಇಡೀ ಲೋಟ ಕುಡಿದು, ಥ್ಯಾಂಕ್ಸ್ ಹೇಳಿ, ಕುದಿಯುತ್ತಾ ಹೊರಬಂದ.

ಶನಿವಾರ ಅಂಗಡಿಗೆ ಹೊರಟಾಗ ಗೋದಾಬಾಯಿಯೂ ಚಪ್ಪಲಿ ಮೆಟ್ಟಿದಳು. ನೀವು ಬೇರೆ ಯಾರದ್ದೋ ತಂದುಬಿಟ್ಟೀರ, ನಮ್ಮದರ ಗುರುತು ನನಗೆ ಗೊತ್ತು ಎಂದಳು. ಸುಜಯೀಂದ್ರ ಅಂಗೈ ಗಾತ್ರದ ಟಾರ್ಚು, ಅಳತೆ ಟೇಪು, ಕಪ್ಪು ಕನ್ನಡಕಗಳೊಂದಿಗೆ ಬಂದ.

ಮೌಂಟ್ ರೋಡಿನ ಹಿಂದಿನ ಸಂದಿಯಲ್ಲಿ ಭೋಜರಾಜನ ಅಂಗಡಿ. ಹೊಸೂರಿನವನಾದ್ದರಿಂದ ಕನ್ನಡ ಬರುತ್ತಿತ್ತು. ತಂದೆಯ ಕಾಲದ ಅಂಗಡಿ, ತಂದೆಯ ಕಾಲದ ಹೊಟ್ಟೆ, ಹಣೆಯ ತುಂಬ ಗಂಧ. ಕೋವಿಗಳಿಗೆ ತಾನು ವ್ಯಾಪಾರಿಯಲ್ಲ, ವೈದ್ಯ ಎಂದು ನಂಬಿದ್ದವನು. ಮದರಾಸಿನಲ್ಲಿ ಕೋವಿಯ ಯೋಗ್ಯತೆ ಗೊತ್ತಿರುವವರು ಯಾರೂ ಉಳಿದಿಲ್ಲ ಎಂಬ ದುಃಖ ಅವನಿಗೆ ಕಾಯಂ ಆಗಿತ್ತು. ಮೊಹರು ಹಾಕಿ ಇಟ್ಟಿದ್ದ ಖಾಕಿ ಚೀಲವನ್ನು ಬಿಚ್ಚುವ ಮುಂಚೆ ಕಣ್ಣು ಮುಚ್ಚಿ ಏನೋ ಪಠಿಸಿದ. ಬಿಚ್ಚಿದ ಮೇಲೆ ಮೊದಲು ಬೋಲ್ಟು, ಎಂದರೆ ಗುಂಡನ್ನು ಒಳದೂಡಿ ಹಾರಿಸುವ ಉಕ್ಕಿನ ಅಗುಳಿ, ಹಿಂದಕ್ಕೆಳೆದು ಒಳಗೆ ಗುಂಡಿಲ್ಲ ಎಂದು ಬೆರಳು ಹಾಕಿ ನೋಡಿದ.

"ಆಹಾ," ಎಂದ. ಬೋಲ್ಟಿನ ಮೇಲಿನ ನಂಬರನ್ನೂ ನಳಿಗೆಯ ಮೇಲಿನ ನಂಬರನ್ನೂ ಭೂತಗನ್ನಡಿಯಲ್ಲಿ ಹೋಲಿಸಿದ. ಎರಡೂ ಒಂದೇ. ಹಳೆಯ ಕೋವಿಗಳಲ್ಲಿ ಒಂದರ ಬೋಲ್ಟು ಇನ್ನೊಂದರ ನಳಿಗೆ ಸೇರಿ ಕಳ್ಳ ಸಂಸಾರ ನಡೆಸುವುದೇ ಹೆಚ್ಚು, ಇದು ಅಗ್ನಿಸಾಕ್ಷಿಯಾಗಿ ಕೂಡಿದ ಜೋಡಿ ಎಂದ. ಗುಂಡು ಕೂರುವ ಮನೆಗೆ ಬೆಳಕು ಬಿಟ್ಟು ನೋಡಿ ಮತ್ತೊಮ್ಮೆ ಆಹಾ ಎಂದ. ಹೊಸದು, ಫಳಫಳ ಹೊಳೆಯುತ್ತಿದೆ. ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ದಿನ ಹೇಗಿತ್ತೋ ಹಾಗೇ ಇದೆ.

ತಿರುಮಲ ಎದೆ ಉಬ್ಬಿಸಿದ. ಸೋಮವಾರ ಲಿಫ್ಟಿನ ನೋಟೀಸನ್ನು ಎಲ್ಲರೆದುರು, ಎರಡೂ ಕೈಯಿಂದ, ನಿಧಾನವಾಗಿ ಹರಿಯುವುದೆಂದು ನಿರ್ಧರಿಸಿದ.

ಆಮೇಲೆ ಭೋಜರಾಜ ಕೋವಿಯನ್ನು ತಿರುಗಿಸಿ ಬಾಯಿಯ ಕಡೆಯಿಂದ ನೋಡಿದ. ಬೆಳಕು ಬಿಟ್ಟು ಮತ್ತೆ ನೋಡಿದ. ಕಿಟಕಿಯ ಹತ್ತಿರ ಹೋಗಿ ನೋಡಿದ. ಹಿಂತಿರುಗಿ ಬಂದಾಗ ಹಣೆಯ ಗಂಧ ಬಿರಿದಿತ್ತು.

ನಳಿಗೆಯ ಒಳಗೆ ಸುರುಳಿ ಸುರುಳಿಯಾಗಿ ಗೀರು ಕೊರೆದಿರುತ್ತದೆ, ಗುಂಡು ತಿರುಗುತ್ತಾ ನೆಟ್ಟಗೆ ಹೋಗಲಿಕ್ಕೆ. ಇದರಲ್ಲಿ ಬಾಯಿಯಿಂದ ಅರ್ಧದವರೆಗೆ ಗೀರು ಕಾಣುತ್ತಿಲ್ಲ, ತುಕ್ಕು ತಿಂದಿದೆ. ತುಕ್ಕಿನ ಮೇಲೆ ಹಸಿರಾಗಿ ಪಾಚಿಯಂಥದ್ದು ಏನೋ ಬೆಳೆದಿದೆ. ಹೊರಗಡೆ, ತುದಿಯ ಒಂದು ಗೇಣು ಮಾತ್ರ ಬಣ್ಣ ಹೋಗಿ ಬೆಳ್ಳಿಯಂತೆ ನುಣ್ಣಗಾಗಿದೆ. ಅದಕ್ಕಿಂತ ದೊಡ್ಡದು ಇನ್ನೊಂದು. ಭೋಜರಾಜ ತುದಿಯ ಮೇಲೆ ಬೆರಳಿಟ್ಟ.

"ಇಲ್ಲಿ ಗುರಿಮೊಳೆ ಇರಬೇಕು. ಗುರಿ ಇಡುವವನು ಇದನ್ನೇ ನೋಡೋದು. ಯಾರೋ ಅರ ಹಾಕಿ ಉಜ್ಜಿ ತೆಗೆದಿದ್ದಾರೆ. ಯಾರು?"

ಸುಜಯೀಂದ್ರ ಕಪ್ಪು ಕನ್ನಡಕ ಹಾಕಿಕೊಂಡು ಬಾಗಿದ. ಅವನಿಗೆ ಎಲ್ಲವೂ ಸ್ಪಷ್ಟವಾಯಿತು. ತಾತ ಭವಾನಿ ಹೊಳೆಯನ್ನು ಪ್ರವಾಹದಲ್ಲಿ ಈಜಿ ದಾಟುತ್ತಿದ್ದಿರಬೇಕು, ಕೋವಿ ತಲೆಕೆಳಗಾಗಿ ಬೆನ್ನಿನ ಮೇಲೆ. ನೀರು ಹೋದದ್ದು ಹಾಗೆ. ಗುರಿಮೊಳೆ ಮುಳ್ಳುಕಂಟಿಗೆ ಸಿಕ್ಕಿಕೊಂಡು ಹುಲಿಯೆದುರು ಒಂದು ಕ್ಷಣ ತಡವಾದರೂ ಪ್ರಾಣ ಹೋಗುತ್ತದೆ. ಅದಕ್ಕೇ ತಾವೇ ತೆಗೆಸಿದ್ದಾರೆ. ಅಂದರೆ ಮೊಳೆ ನೋಡದೆಯೇ, ಬರೀ ಅಂದಾಜಿನಲ್ಲಿ ಹೊಡೆಯುತ್ತಿದ್ದರು. ಹಿಡಿಯ ಮರದಲ್ಲಿ ಹಳದಿ ಕಲೆ ಇದೆಯಲ್ಲ, ಅದು ಹುಲಿಯ ಕೊಬ್ಬು.

ಭೋಜರಾಜ ಹಿಡಿಯನ್ನು ಮೂಸಿ ನೋಡಿ, ಅರಿಶಿನ ಎಂದ.

ಹುಲಿಗೆ ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿರುತ್ತಾರೆ, ನಮ್ಮ ಜನರಲ್ಲವೆ, ಎಂದು ಸುಜಯೀಂದ್ರ ಬಿಡದೆ ಹೇಳಿದ. ತಿರುಮಲನಿಗೆ ಮೈ ಜುಮ್ಮೆಂದಿತು. ಅಷ್ಟು ಹೊತ್ತು ಫ್ಯಾನಿನ ಕೆಳಗೆ ಕೂತು ಸೆರಗಿನಿಂದ ಬೆವರೊರೆಸಿಕೊಳ್ಳುತ್ತಿದ್ದ ಗೋದಾಬಾಯಿಗೆ ಮಾತ್ರ ಬೇಸರ ಬಂತು.

"ಅದಕ್ಕೆ ಯಾಕೆ ಇಷ್ಟು ಆರ್ಭಟ? ಆ ಮೊಳೆ ನಮ್ಮ ಅತ್ತೆ ತೆಗೆಸಿದ್ದು. ಸೀರೆ ಹರೀತಿತ್ತು."

ಯಾವ ಸೀರೆ ಎಂದು ಭೋಜರಾಜ ಬಹಳ ಮೆಲ್ಲಗೆ ಕೇಳಿದ.

ಮಡಿಸೀರೆ, ಇನ್ಯಾವುದು, ಎಂದಳು ಗೋದಾಬಾಯಿ. ಆಮೇಲೆ ಎಳೆ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು. ಮಾವನವರಿಗೆ ಯಾರೋ ಜಮೀನುದಾರ ಕೇಸು ಗೆದ್ದ ಖುಷಿಗೆ ಅದನ್ನು ಕೊಟ್ಟುಹೋದ. ಮಾವನವರು ಹೆದರಿ ಅದನ್ನು ಮುಟ್ಟಲೂ ಇಲ್ಲ. ತಿರುವಲ್ಲಿಕ್ಕೇಣಿಯ ಆ ಹಳೆಯ ಮನೆಯಲ್ಲಿ ಮಡಿಗಳದ ಮೇಲೆ ಒದ್ದೆ ಸೀರೆ ಏರಿಸಲು ಒಂದು ಕೋಲು ಬೇಕಲ್ಲ. ಬಿದಿರ ಕೋಲು ಇಟ್ಟರೆ ಹುಡುಗರು ಗಿಲ್ಲಿ ಆಡಲು ಎತ್ತಿಕೊಂಡು ಹೋಗುತ್ತಿದ್ದರು, ಕೆಲಸದವಳು ಅದರಿಂದ ಜೇಡರ ಬಲೆ ತೆಗೆಯುತ್ತಿದ್ದಳು, ಮಡಿಯೆಲ್ಲ ಮೈಲಿಗೆ. ಅತ್ತೆ ನೋಡಿದರು. ಈ ಮನೆಯಲ್ಲಿ ಯಾರೂ ಮುಟ್ಟಲು ಹೆದರುವ ಕೋಲು ಒಂದೇ ಒಂದು ಇದೆ. "ಕೋವೀನ ಯಾರೂ ಮುಟ್ಟಲ್ಲ. ಮಡಿಕೋಲಿಗೆ ಅದಕ್ಕಿಂತ ಇನ್ನೇನಪ್ಪಾ ಬೇಕು? ಭಾರಾನೂ ಇದೆ, ಸಮುದ್ರದ ಗಾಳಿಗೆ ಅಲ್ಲಾಡಲ್ಲ. ಆ ಮೊಳೆಯೊಂದು ಹದಿನೆಂಟು ಮೊಳದ ಸೀರೇನ ಕಚ್ಚಿ ಕಚ್ಚಿ ಹರೀತಿತ್ತು. ಪಾತ್ರೆಗೆ ಕಲಾಯಿ ಹಾಕೋನು ಬಂದಿದ್ದಾಗ ಅತ್ತೆ ಅವನ ಕೈಲಿ ಉಜ್ಜಿಸಿದರು. ಅವರಾದ ಮೇಲೆ ನಾನು."

ಚಿಕ್ಕಂದಿನಿಂದ ತಿರುಮಲ ಆ ಕೋವಿಯನ್ನು ಕಂಡದ್ದು ಮಡಿಕೋಣೆಯ ಬಾಗಿಲ ಮೇಲೆ, ಖಾಕಿ ಚೀಲದಲ್ಲಿ, ಘನತೆಯಿಂದ ತೂಗುವಾಗ ಮಾತ್ರ. ಬೆಳಗಿನ ಜಾವ ಅದು ಕೆಳಗಿಳಿದು ಕೆಲಸಕ್ಕೆ ಹೋಗಿ ಬರುತ್ತದೆಂದು ಹೇಗೆ ಗೊತ್ತಾಗಬೇಕು? ಅವನು ಹುಟ್ಟಿದಾಗಿನಿಂದ ಒಂದು ದಿನವೂ ಸೂರ್ಯನಿಗಿಂತ ಮುಂಚೆ ಎದ್ದವನಲ್ಲ. ಅವನು ಹಲ್ಲುಜ್ಜುವ ಹೊತ್ತಿಗೆ ಸೀರೆಗಳು ಗಳದ ಮೇಲೆ, ಕೋವಿ ಗೋಡೆಯ ಮೇಲೆ.

"ನನಗೆ ಯಾಕೆ ಹೇಳಲಿಲ್ಲ?" ಎಂದ. ದನಿ ಕೀರಲಾಗಿತ್ತು.

"ನೀನು ಕೇಳಲಿಲ್ಲ."

ಈಗ ಭೋಜರಾಜನ ಸರದಿ. ಅವನ ಸಿಟ್ಟು ಹೊಟ್ಟೆಯಿಂದ ಎದ್ದು ಕುತ್ತಿಗೆಗೆ ಬಂದು ಮುಖ ಕೆಂಪಾಗಿಸಿತು. ಇಂಥ ಕೋವಿಗಾಗಿ ರಾಜರು ಕಾದು ಕೂತಿದ್ದರು, ಒಂದು ಗುಂಡೂ ಹಾರಿಸದೆ ಇದನ್ನು ಬಟ್ಟೆ ಹರವುವ ಕೋಲು ಮಾಡಿದ್ದೀರಲ್ಲ, ಇದರ ಪಾಪ ಯಾರ ತಲೆಗೆ ಎಂದು ತಮಿಳಿನಲ್ಲಿ, ತೆಲುಗಿನಲ್ಲಿ, ಕೊನೆಗೆ ಕನ್ನಡದಲ್ಲಿ ಕೂಗಾಡಿದ. ತನ್ನ ತಂದೆ ಹೇಳುತ್ತಿದ್ದ ಮಾತು ಈಗ ಅರ್ಥವಾಯಿತು ಎಂದ. ವಡಪಳನಿಯಿಂದ ಒಬ್ಬ ಮೆತ್ತನೆಯ ರಾಯರು ವರ್ಷಕ್ಕೊಮ್ಮೆ ಕೋವಿ ತಂದು ಎಣ್ಣೆ ಹಾಕಿಸುತ್ತಾರೆ, ಆದರೆ ತುದಿಗೆ ಮಾತ್ರ ಎಣ್ಣೆ ಬೇಡ ಎಂದು ಕೈ ಮುಗಿಯುತ್ತಾರೆ, ಯಾಕೋ ಗೊತ್ತಿಲ್ಲ.

"ಸೀರೆಗೆ ಕಲೆ ಆಗುತ್ತಲ್ಲ," ಎಂದಳು ಗೋದಾಬಾಯಿ. ಗಂಡನ ನೆನಪಿಗೆ ಅವಳ ಮುಖ ಒಂದು ಗಳಿಗೆ ಮೆತ್ತಗಾಯಿತು.

ಸುಜಯೀಂದ್ರ ಸೋಲೊಪ್ಪಲಿಲ್ಲ. ಹೊಸ ನಳಿಗೆ ಹಾಕಬಹುದಲ್ಲ, ಫೈಬರ್ ಹಿಡಿ, ಮೇಲೆ ಒಂದು ದುರ್ಬೀನು, ಎಂದು ಟೇಪು ಬಿಚ್ಚಿದ. ಭೋಜರಾಜ ಅವನ ಕೈಯಿಂದ ಟೇಪು ಕಿತ್ತುಕೊಂಡ. "ಇದಕ್ಕೆ ದುರ್ಬೀನು ಕೂರಿಸೋದು ಹೆಣಕ್ಕೆ ಕನ್ನಡಕ ಹಾಕಿದ ಹಾಗೆ. ನಳಿಗೆ ಹೋಯ್ತು ಅಂದ್ರೆ ಕೋವಿ ಹೋಯ್ತು. ಗುಂಡು ಹಾಕಿದರೆ ಇದು ಹುಲೀನಲ್ಲ, ನಿಮ್ಮನ್ನೇ ಹೊಡೆಯುತ್ತೆ. ಇದು ಕೆಲಸ ಮಾಡಲ್ಲ, ಸಾರ್. ತೊಗೊಂಡು ಹೋಗಿ, ನನ್ನ ಕಣ್ಣೆದುರು ಇಡಬೇಡಿ." ಬೋಲ್ಟನ್ನು ಬೇರೆ ಮಾಡಿ, ಬಟ್ಟೆಯಲ್ಲಿ ಸುತ್ತಿ, ಇದನ್ನು ಬೀರುವಿನಲ್ಲಿ ಬೀಗ ಹಾಕಿಡಿ, ಇದಾದರೂ ಮಾನವಾಗಿ ಬದುಕಲಿ ಎಂದು ಕೊಟ್ಟ.

"ಏನೂ ಮಾಡಬೇಡಪ್ಪ, ಹಾಗೇ ಇರಲಿ," ಎಂದು ಗೋದಾಬಾಯಿ ಸಮಾಧಾನ ಹೇಳಿದಳು. "ಅದು ಈಗಲೇ ಸರಿಯಾಗಿದೆ."

ಹಿಂತಿರುಗುವ ಆಟೋದಲ್ಲಿ ತಿರುಮಲ ಕೋವಿಯ ಚೀಲವನ್ನು ಮಂಡಿಯ ನಡುವೆ ಹಿಡಿದು, ಹಲ್ಲು ಕಚ್ಚಿ ಕೂತಿದ್ದ. ತಾತನ ಮೇಲೆ ಸಿಟ್ಟು, ಕಲಾಯಿಯವನ ಮೇಲೆ ಸಿಟ್ಟು, ಒಂದೇ ಒಂದು ಹುಲಿಯನ್ನೂ ಕಳುಹಿಸಿಕೊಡದ ಸತ್ಯಮಂಗಲದ ಕಾಡಿನ ಮೇಲೆ ಸಿಟ್ಟು. ಆರ್ಕಾಟ್ ರೋಡಿನ ಸ್ಟುಡಿಯೊ ಗೇಟಿನೆದುರು ಆಟೋ ಸಿಗ್ನಲ್ಲಿಗೆ ನಿಂತಾಗ, ಸಿನಿಮಾ ಕಂಪನಿಯ ಯಾವನೋ ಒಬ್ಬ ಚೀಲದ ಬಾಯಿಂದ ಇಣುಕುತ್ತಿದ್ದ ನಳಿಗೆ ನೋಡಿ ಹತ್ತಿರ ಬಂದ. ಬಾಡಿಗೆಗೆ ಕೊಡುತ್ತೀರಾ ಎಂದು ತಮಿಳಿನಲ್ಲಿ ಕೇಳಿದ. ಇದು ನಿಜವಾದ ಕೋವಿ ಎಂದು ತಿರುಮಲ ಗುಡುಗಿದ. ಅವನು ತುದಿಯನ್ನು ದಿಟ್ಟಿಸಿ ನೋಡಿ, ಮೊಳೆಯೇ ಇಲ್ಲ ಸಾರ್, ನಮ್ಮ ಫೈಬರಿನದೇ ಇದಕ್ಕಿಂತ ನಿಜವಾಗಿ ಕಾಣುತ್ತೆ ಎಂದು ಕನಿಕರದಿಂದ ಹೊರಟುಹೋದ. ಆಟೋದವನು ನಕ್ಕ. ಆಟೋ ಮರೆಯಾಗುವತನಕ ಕಾಯಲು ತಿರುಮಲನಿಗೆ ಸಾಧ್ಯವಿರಲಿಲ್ಲ, ಏಕೆಂದರೆ ಅವನು ಅದರೊಳಗೇ ಇದ್ದ.

ಭಾನುವಾರವಿಡೀ ಅವನು ಮನೆಯಿಂದ ಹೊರಬರಲಿಲ್ಲ. ಕುಮಾರಸ್ವಾಮಿ ಕೆಳಗಿನಿಂದ ಎರಡು ಸಲ ಇಂಟರ್‌ಕಾಮ್ ಮಾಡಿ, ಏನಾತ್ರಿ ರಾಯರ ಹುಲಿ ಕೋವಿ, ಎಂದು ವಿಚಾರಿಸಿದ. ಅಸೋಸಿಯೇಷನ್ನಿನ ವಾಟ್ಸಾಪಿನಲ್ಲಿ ಯಾರೋ ಹುಲಿಯ ಚಿತ್ರ ಹಾಕಿದರು, ಯಾರೋ ಅದಕ್ಕೆ ಮಗುವಿನ ನ್ಯಾಪ್‌ಕಿನ್ ಉಡಿಸಿದರು. ಅಂಗಡಿಯಲ್ಲಿ ನಡೆದದ್ದನ್ನು ತಿರುಮಲ ಯಾರಿಗೂ ಹೇಳಲಿಲ್ಲ. ಹೇಳಿದರೆ ಗಳವೂ ಹೋಗುತ್ತದೆ, ತಾತನೂ ಹೋಗುತ್ತಾರೆ. ಹೇಳದಿದ್ದರೆ ಗಳ ಮಾತ್ರ.

ಆದರೆ ಗಳ ಎಂದರೆ ಅಮ್ಮ. ನಾಳೆ ಅವಳು ಒದ್ದೆ ಸೀರೆ ಹಿಡಿದು ಎಲ್ಲಿ ನಿಲ್ಲಬೇಕು? ಅವಳು ಜಗಳ ಮಾಡುವುದಿಲ್ಲ. ಊಟ ಬಿಡುತ್ತಾಳೆ. ಅದೂ ಏಕಾದಶಿ ಎನ್ನುವ ಹಾಗೆ, ಯಾರಿಗೂ ತಿಳಿಯದಂತೆ.

ಸೋಮವಾರ ಇನ್ನೂ ಕತ್ತಲು ಹರಿಯುವ ಮುಂಚೆ, ನಿದ್ದೆಯಿಲ್ಲದೆ ಉರಿಯುತ್ತಿದ್ದ ಕಣ್ಣುಗಳೊಂದಿಗೆ ತಿರುಮಲ ಎದ್ದ. ಆ ಪೈಪಿನವನು ಬಂದು ಎಲ್ಲರೆದುರು ಗಳ ಕೊಯ್ಯುವುದಕ್ಕಿಂತ ತಾನೇ ಹೋಗಿ ಹಗ್ಗ ಬಿಚ್ಚಿ ಇಳಿಸುವುದು ಮೇಲು. ಸೋತವನೇ ಸೋಲನ್ನು ಕೆಳಗಿಳಿಸಿದರೆ ಅದಕ್ಕೆ ಸ್ವಲ್ಪ ಮರ್ಯಾದೆ. ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಬೈದ.

ಟೆರೇಸಿನ ಬಾಗಿಲು ತೆರೆದಿತ್ತು. ಮೂಲೆಯಲ್ಲಿ ಯಾರೋ ಇದ್ದರು. ತಿರುಮಲ ತೊಟ್ಟಿಯ ಹಿಂದೆ ಸರಿದು ನೋಡಿದ. ಪೂರ್ವದಲ್ಲಿ ಈಗ ತಾನೇ ಬೂದು ಬಣ್ಣ. ಅದರೆದುರು ಅವನ ತಾಯಿ, ಮಿಂದು, ಒದ್ದೆ ಮೈಯಲ್ಲಿ, ತಾತನ ಕೋವಿಯ ಹಿಡಿಯನ್ನು ಸೊಂಟಕ್ಕೆ ಒತ್ತಿಕೊಂಡು ನಳಿಗೆಯನ್ನು ಆಕಾಶಕ್ಕೆ ಎತ್ತಿದ್ದಳು. ತುದಿಯಲ್ಲಿ ಸೀರೆಯ ಅಂಚು. ಒಂದು ತಿರುವು, ಒಂದು ಒತ್ತು. ಸೀರೆ ಗಳದ ಮೇಲೆ ತಾನಾಗಿ ಮಗುಚಿಕೊಂಡಿತು. ಅವಳ ತೋಳು ನಡುಗಲಿಲ್ಲ. ಗುರಿ ತಪ್ಪಲಿಲ್ಲ. ಮೊಳೆ ಬೇಕಾಗಲೇ ಇಲ್ಲ.

ಬೋಲ್ಟು ಬೀರುವಿನಲ್ಲಿ ಭದ್ರವಾಗಿತ್ತು. ಕೋವಿಯ ಚೀಲಕ್ಕೂ ಬೀಗ ಬೇಕೆಂದು ತಿರುಮಲನಿಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಮೆಟ್ಟಿಲಲ್ಲಿ ಭಾರವಾದ ಹೆಜ್ಜೆ. ಕುಮಾರಸ್ವಾಮಿ ಬನಿಯನ್ ಲುಂಗಿಯಲ್ಲಿ, ಕೈಯಲ್ಲಿ ಗರಗಸ ಹಿಡಿದು, ಗೆದ್ದವನ ಹಾಡು ಗುನುಗುತ್ತಾ ಬಾಗಿಲಿನಿಂದ ಹೊರಬಂದ. ಸದ್ದು ಕೇಳಿ ಗೋದಾಬಾಯಿ ತಿರುಗಿದಳು. ಅವಳು ತಿರುಗಿದರೆ ಅವಳ ಸೊಂಟದಲ್ಲಿದ್ದುದೂ ತಿರುಗಬೇಕಲ್ಲ. ಮಡಿಯಲ್ಲಿ ಕನ್ನಡಕ ಹಾಕುವವಳಲ್ಲ. ಅವಳಿಗೆ ಕಂಡದ್ದು ಒಂದು ದಪ್ಪ ಮೈಲಿಗೆಯ ಆಕಾರ.

"ಅಲ್ಲೇ ನಿಲ್ಲು," ಎಂದಳು. "ಒಂದು ಹೆಜ್ಜೆ ಮುಂದೆ ಇಟ್ಟೆಯೋ, ಆಮೇಲೆ ನಾನು ಹೊಣೆಯಲ್ಲ."

ಗರಗಸ ನೆಲಕ್ಕೆ ಬಿದ್ದ ಸದ್ದು ಕೋಯಂಬೇಡಿನವರೆಗೆ ಕೇಳಿಸಿರಬೇಕು. ಕುಮಾರಸ್ವಾಮಿಯ ಎರಡೂ ಕೈ ತಾವಾಗಿ ಮೇಲೆದ್ದವು. "ಅಮ್ಮಾರ," ಎಂದ, "ನಾ ಬರೇ ನೋಡಾಕ ಬಂದಿದ್ದೆ."

"ನೋಡು, ಬೇಡ ಅನ್ನಲ್ಲ. ಕೈ ಹಾಗೇ ಮೇಲಿರಲಿ. ಇಳಿಸಿದರೆ ಎಲ್ಲಾದರೂ ತಗುಲುತ್ತೆ."

ಅವಳು ಮತ್ತೆ ಸೀರೆಯತ್ತ ತಿರುಗಿದಳು. ಹದಿನೆಂಟು ಮೊಳ ಹರವಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕುಮಾರಸ್ವಾಮಿ ಕೈ ಎತ್ತಿಕೊಂಡೇ ನಿಂತ. ಲುಂಗಿಯ ಗಂಟು ಸಡಿಲಾದರೂ ಕೈ ಇಳಿಸಲಿಲ್ಲ. ಮಂಡಿ ಕೂಡಿಸಿ ಹಿಡಿದ. ತೊಟ್ಟಿಯ ಹಿಂದೆ ತಿರುಮಲನಿಗೆ ಹೊಟ್ಟೆಕಿಚ್ಚಾಯಿತು. ಈ ಭಯ ತನ್ನದಾಗಬೇಕಿತ್ತು. ಲಿಫ್ಟಿನ ಒಂದೊಂದು ಬೆಳಗಿಗೂ, ಸಭೆಯ ಒಂದೊಂದು ನಗುವಿಗೂ ಇದು ತನಗೆ ಸಲ್ಲಬೇಕಾದದ್ದು. ಅದನ್ನು ಈ ಮುದುಕಿ ಗಮನಿಸದೆಯೇ, ಸೀರೆಯ ಸುಕ್ಕು ಬಿಡಿಸುತ್ತಾ, ಖರ್ಚು ಮಾಡುತ್ತಿದ್ದಾಳೆ. ತಡೆಯಲಾರದೆ ಹೊರಗೆ ಬಂದ.

"ಅಮ್ಮಾ."

"ನೀನೊಬ್ಬ ಯಾಕೆ ಬಂದೆ, ಹಾಸಿಗೆಯಿಂದ ಎದ್ದು ಹಾಗೇ? ದೂರ ನಿಲ್ಲು. ಮುಟ್ಟಿಬಿಟ್ಟೀಯ, ಕೈ ಮೇಲೆ." ನಳಿಗೆ ಅವನತ್ತ ತಿರುಗಿತು. "ಆ ಕುಮಾರಸ್ವಾಮೀನ ನೋಡಿ ಕಲಿತುಕೋ. ಈ ಕಟ್ಟಡದಲ್ಲಿ ಮಡಿ ಅಂದರೆ ಏನು ಅಂತ ಗೊತ್ತಿರೋನು ಅವನೊಬ್ಬನೇ."

ತಿರುಮಲ ಕೈ ಎತ್ತಿದ. ಐವತ್ತು ವರ್ಷದ ಅಭ್ಯಾಸ, ಸಿಟ್ಟು ಒಳಗೆ, ಕೈ ಮೇಲೆ. ಒದ್ದೆ ಸೀರೆಯ ಆಚೆ ಈಚೆ ಇಬ್ಬರೂ ಹಾಗೆ ನಿಂತರು. ಮುರುಗನ ಗುಡಿಯ ಗಂಟೆ ಬಾರಿಸಿತು. ಗೋದಾಬಾಯಿ ಕೊನೆಯ ಸೀರೆ ಬುಟ್ಟಿಯಿಂದ ತೆಗೆದಳು.

ಕುಮಾರಸ್ವಾಮಿ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ. "ರಾಯರ, ಅದು ಕೆಲಸ ಮಾಡ್ತದ ಅಂತ ನಿನ್ನೆನ ಯಾಕ ಹೇಳಲಿಲ್ಲ? ಮೂಲಿ ನಿಮ್ದ ಆತು. ಯಪ್ಪಾ, ಅದನ್ನ ಕೆಳಗ ಇಳಸ್ರಿ ಅಂತ ಅವ್ವಾರಿಗೆ ಹೇಳ್ರಿ."

ತಿರುಮಲ ಅವನನ್ನು ದುರುಗುಟ್ಟಿ ನೋಡಿದ. ಮಂತ್ರಾಕ್ಷತೆ ನೆನಪಾಯಿತು. ಹೇಳುವ ಅವಸರವೇನೂ ಇರಲಿಲ್ಲ. ಇನ್ನೂ ಒಂದು ಇಡೀ ಸೀರೆ ಬಾಕಿ ಇತ್ತು.

"ಮಾಡುತ್ತೆ," ಎಂದ, ಕೈ ಎತ್ತಿಕೊಂಡೇ. "ದಿನಾ ಮಾಡುತ್ತೆ."